ಗೂಟ ಕಿತ್ತ ಮೇಲೂ



*ಇಂದಿನ ಧಮ್ಮ ಚಿಂತನೆ*
ಓದು: ಗದ್ದುಲಬದ್ಧ ಸುತ್ತ (ಸಂಯುತ್ತ ನಿಕಾಯ, ಖಂಧ ಸಂಯುತ್ತ)

ಧಮ್ಮ ಬಂಧುಗಳೇ,

ಈ ದಿನದ ಚಿಂತನೆ ಬರೆಯುವ ಸರದಿ ನನ್ನದು. ಗದ್ದುಲಬದ್ಧ ಅಂದರೆ ಹಗ್ಗದಲ್ಲಿ ಕಟ್ಟಿಹಾಕಿದ್ದು. ಭಗವಾನ್ ಬುದ್ಧರು ಇದರಲ್ಲಿ ಕೊಟ್ಟಿರುವ ಉದಾಹರಣೆ ಗೂಟಕ್ಕೆ ಕಟ್ಟಿದ ನಾಯಿಯದು. ಈ ಸುತ್ತವನ್ನು ನಾನು ಹಿಂದೆ ಎರಡು ಸಲ ಓದಿದ್ದೆ, ಸಂಘದಲ್ಲಿ ವಿವರಿಸಿಯೂ ಇದ್ದೆ. ಅರ್ಥವಾದದ್ದು ಮಾತ್ರ ಈಚೆಗೆ, ಗುಂಡ್ಲುಪೇಟೆಯ ಮೈದಾನದಲ್ಲಿ, ನಮ್ಮ ಮನೆ ನಾಯಿಯಿಂದ.

ಮೊದಲು ನಾಯಿಯ ವಿಷಯ ಹೇಳಿಬಿಡುತ್ತೇನೆ.

ಪರಿಚಯದವರೊಬ್ಬರ ಬಾಳೆ ತೋಟದಲ್ಲಿ, ಕೊಟ್ಟಿಗೆ ಪಕ್ಕದಲ್ಲಿ ಒಂದು ಕರಿ ನಾಯಿ ಇತ್ತು. ಹಂದಿ, ಚಿರತೆ ಬಂದರೆ ಬೊಗಳಲಿ ಎಂದು ಮರಿಯಿದ್ದಾಗ ತಂದದ್ದು. ಅದಕ್ಕೆ ಮೈತುಂಬ ಚುರುಕು. ಬಿಟ್ಟರೆ ಕೋಳಿ ಅಟ್ಟಿಸಿಕೊಂಡು ಹೋಗುತ್ತದೆ, ಪಕ್ಕದ ಜಮೀನಿನ ಚೆಂಡುಹೂವಿನ ಸಾಲಿಗೆ ನುಗ್ಗುತ್ತದೆ ಎಂದು ಹಗಲೂ ರಾತ್ರಿ ಕಟ್ಟಿಹಾಕಿದ್ದರು. ಒಂದು ಗೂಟ, ಐದಾರು ಅಡಿ ಸರಪಣಿ, ಎರಡು ವರ್ಷ. ಗೂಟದ ಸುತ್ತ ನೆಲ ಸವೆದು, ಹುಲ್ಲು ಹುಟ್ಟದೆ, ದುಂಡನೆಯ ಒಂದು ಹಾದಿಯೇ ಬಿದ್ದಿತ್ತು. ರಜೆಗೆ ಬಂದಿದ್ದ ನನ್ನ ಮಗಳು ಅದನ್ನು ನೋಡಿ, "ಅಪ್ಪ, ಇದನ್ನ ನಮ್ಮನೆಗೆ ಕರ್ಕೊಂಡೋಗವ" ಅಂದಳು. ತೋಟದವರೂ "ಒಯ್ಕಳಿ ಮೇಷ್ಟ್ರೇ, ಕಾಟ ತಪ್ತು" ಅಂದರು.

ಹೆಸರಿಟ್ಟವಳೂ ಅವಳೇ: ಟೋಬಿ. ಬಾಬಾಸಾಹೇಬರ ಕುಟುಂಬದ ಒಂದು ಫೋಟೋ ನಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. 1934ರ ಫೆಬ್ರವರಿಯಲ್ಲಿ ಮುಂಬೈನ ರಾಜಗೃಹದಲ್ಲಿ ತೆಗೆದದ್ದು. ಬಾಬಾಸಾಹೇಬರು, ತಾಯಿ ರಮಾಬಾಯಿ, ಮಗ ಯಶವಂತ, ಅತ್ತಿಗೆ ಲಕ್ಷ್ಮೀಬಾಯಿ, ಅಣ್ಣನ ಮಗ ಮುಕುಂದ. ಅವರ ಜೊತೆಗೆ ಬಾಬಾಸಾಹೇಬರ ಮೆಚ್ಚಿನ ನಾಯಿಯೂ ಇದೆ. ಅದರ ಹೆಸರೇ ಟೋಬಿ.

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ನಾಯಿಗಳಿಗೆ ಓಡಾಡಲೆಂದೇ ಜಾಗ ಮಾಡಿದ್ದಾರೆ. ನಮ್ಮ ಊರಿಗೆ ಅಂಥದ್ದು ಬಂದಿಲ್ಲ. ನಮಗೆ ಮೈದಾನವೇ ನಾಯಿ ಪಾರ್ಕು. ಬೆಳಗ್ಗೆ ಆರಕ್ಕೆ ಬಂಡೀಪುರದ ಗೇಟು ತೆಗೆದು ಊಟಿ, ಕೇರಳದ ಗಾಡಿಗಳು ಹೊರಡುವ ಹೊತ್ತಿಗೆ ಇಲ್ಲಿ ವಾಕಿಂಗಿನವರು ಸೇರುತ್ತಾರೆ. ಈಗೀಗ ನಾಯಿ ಹಿಡಿದುಕೊಂಡು ಬರುವವರೂ ಏಳೆಂಟು ಜನ ಇದ್ದಾರೆ. ಲ್ಯಾಬ್ರಡಾರ್, ಪೊಮೆರೇನಿಯನ್, ಒಂದು ಜರ್ಮನ್ ಶೆಫರ್ಡ್.

ಮೊದಲ ದಿನ ಟೋಬಿ ನನ್ನನ್ನು ಎಳೆದುಕೊಂಡೇ ಹೋಯಿತು. ನಾನು ಅದನ್ನು ಹಿಡಿದಿದ್ದೆನೋ, ಅದು ನನ್ನನ್ನು ಹಿಡಿದಿತ್ತೋ ನೋಡಿದವರು ಹೇಳಬೇಕು. ಏದುಸಿರು ಬಿಡುತ್ತ ನಿಂತಾಗ ಶೆಫರ್ಡ್ ನಾಯಿಯ ಯಜಮಾನರು ಹತ್ತಿರ ಬಂದು ಕೇಳಿದರು:

"ಚೆನ್ನಾಗದೆ ಸಾರ್ ನಾಯಿ. ಯಾವ ಜಾತಿ?"

ಬಂಧುಗಳೇ, ನಮ್ಮ ಭಾಷೆಯಲ್ಲಿ ನಾಯಿಗೂ ಜಾತಿ ಉಂಟು. ದುಡ್ಡು ಕೊಟ್ಟು ತಂದರೆ 'ಜಾತಿ ನಾಯಿ', ಬೀದಿಯಲ್ಲಿ ಹುಟ್ಟಿದರೆ 'ಕಂತ್ರಿ ನಾಯಿ'. ಅವರ ಪ್ರಶ್ನೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ನನ್ನ ಬಾಯಿಂದ ಬಂದ ಉತ್ತರ ಏನು ಗೊತ್ತೇ?

"ಮುಧೋಳ ಕ್ರಾಸ್ ಸಾರ್."

ಯಾಕೆ ಸುಳ್ಳು ಹೇಳಿದೆ? ದಿನಾ ಪಂಚಶೀಲ ಹೇಳುವ ಬಾಯಿ ಇದು. ಮನೆಗೆ ಬಂದು ಕುಳಿತು ಯೋಚಿಸಿದಾಗ ಒಂದು ಹಳೆಯ ನೆನಪು ಎದ್ದು ಬಂತು. ಕೆಲಸ ಸಿಕ್ಕಿದ ಹೊಸದರಲ್ಲಿ ದೂರದ ಊರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. ಮನೆಯವರು "ನೀವು ಯಾವ ಜನ?" ಎಂದು ಕೇಳಿದಾಗಲೂ ಇದೇ ಬಾಯಿ, ಇಷ್ಟೇ ಬೇಗ, ಒಂದು ಸುಳ್ಳು ಹೇಳಿತ್ತು. ಆಗ ಹೇಳದಿದ್ದರೆ ತಲೆಯ ಮೇಲೆ ಸೂರು ಸಿಗುತ್ತಿರಲಿಲ್ಲ. ಈಗ ಮೈದಾನದಲ್ಲಿ ಕಳೆದುಕೊಳ್ಳಲು ನನಗೆ ಏನಿತ್ತು? ಏನೂ ಇರಲಿಲ್ಲ. ಆದರೂ ನಾಲಿಗೆ ಹಳೇ ಹಾದಿಯನ್ನೇ ಹಿಡಿಯಿತು.

ಅದೇ ದಿನ ಇನ್ನೊಂದು ನಡೆಯಿತು. ಮೈದಾನದ ಒಂದು ಮೂಲೆಯಲ್ಲಿ ಜನ ಕಡಿಮೆ ಇದ್ದರು. ಪಾಪ, ಮನಸಾರೆ ಓಡಲಿ ಎಂದು ಸರಪಣಿ ಬಿಚ್ಚಿದೆ. ಎದುರಿಗೆ ಅಷ್ಟಗಲ ಬಯಲು. ಟೋಬಿ ಓಡಿತು, ಜೀವ ಬಿಟ್ಟು ಓಡಿತು. ಎಲ್ಲಿಗೆ? ಎಲ್ಲಿಗೂ ಇಲ್ಲ. ನಿಂತ ಜಾಗದಲ್ಲೇ ದುಂಡಗೆ, ಐದಾರು ಅಡಿಯ ಸುತ್ತಳತೆಯೊಳಗೆ ಗಿರಗಿರ ಸುತ್ತಿತು. ಇಲ್ಲದ ಗೂಟದ ಸುತ್ತ, ಇಲ್ಲದ ಸರಪಣಿಯಲ್ಲಿ.

ಕ್ರಿಕೆಟ್ ಆಡುತ್ತಿದ್ದ ಹುಡುಗರು ನಕ್ಕರು. ಕುರಿ ಹೊಡೆದುಕೊಂಡು ಹೋಗುತ್ತಿದ್ದ ವಯಸ್ಸಾದವರೊಬ್ಬರು ಮಾತ್ರ ನಗಲಿಲ್ಲ. ನಿಂತು ನೋಡಿ ಹೇಳಿದರು: "ಬಾಳ ದಿನ ಕಟ್ಟಾಕಿದ್ರು ಅನ್ಸುತ್ತೆ. ಬುಟ್ಟವ್ರೆ ಅಂತ ಅದ್ಕೆ ಇನ್ನೂವೆ ಗೊತ್ತಾಗಿಲ್ಲ ಕನಿ."

ಈಗ ಸುತ್ತಕ್ಕೆ ಬರೋಣ.

ಭಗವಾನರು ಭಿಕ್ಖುಗಳಿಗೆ ಹೇಳುತ್ತಾರೆ: ಗಟ್ಟಿಯಾದ ಗೂಟಕ್ಕೆ ಕಟ್ಟಿದ ನಾಯಿ ಆ ಗೂಟವನ್ನೇ ಸುತ್ತುತ್ತಿರುತ್ತದೆ. ಅದೇ ಹೆಸರಿನ ಎರಡನೆಯ ಸುತ್ತದಲ್ಲಿ ಇನ್ನೂ ಬಿಡಿಸಿ ಹೇಳುತ್ತಾರೆ. ಆ ನಾಯಿ ನಡೆದರೂ ಗೂಟದ ಬಳಿಯೇ, ನಿಂತರೂ ಗೂಟದ ಬಳಿಯೇ, ಮಲಗಿದರೂ ಗೂಟದ ಬಳಿಯೇ. ಧಮ್ಮ ಕೇಳದ ಮನುಷ್ಯನೂ ಹಾಗೆಯೇ ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ ಎಂಬ ಐದು ಖಂಧಗಳನ್ನು ಸುತ್ತುತ್ತಾನೆ. "ಇದು ನನ್ನದು, ಇದೇ ನಾನು" ಎಂದು ಹಿಡಿದಿರುವುದರಿಂದ ಸುತ್ತುತ್ತಾನೆ. ಹಿಡಿತ ಬಿಟ್ಟವನು ಬಿಡುಗಡೆಯಾಗುತ್ತಾನೆ.

ನಮ್ಮ ನೆಲದಲ್ಲಿ ಈ "ನಾನು" ಎಂಬುದಕ್ಕೆ ಹುಟ್ಟಿದ ದಿನವೇ ಒಂದು ಹೆಸರು ಕಟ್ಟುತ್ತಾರೆ. ಅದು ಜಾತಿ. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಜಾತಿ ಇಟ್ಟಿಗೆ ಗೋಡೆಯಂಥದ್ದಲ್ಲ, ಮುಳ್ಳುತಂತಿ ಬೇಲಿಯಂಥದ್ದಲ್ಲ, ಅದು ಮನಸ್ಸಿನ ಒಂದು ಸ್ಥಿತಿ ಎಂದು ತಿಳಿಸಿದರು. ಗೋಡೆಯಾಗಿದ್ದರೆ ಕೆಡವಿ ಬಿಡಬಹುದಿತ್ತು. ಮನಸ್ಸಿನಲ್ಲಿ ಸವೆದ ಹಾದಿಯನ್ನು ಏನು ಮಾಡುವುದು?

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ನಾಯಿ ತನ್ನನ್ನು ತಾನೇ ಕಟ್ಟಿಕೊಳ್ಳಲಿಲ್ಲ. ಗೂಟ ಹೊಡೆದವರು ಬೇರೆಯವರು. ಹೊರಗಿನ ಗೂಟ ಇನ್ನೂ ಗಟ್ಟಿಯಾಗಿಯೇ ಇದೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟಿದರು. ನಾಯಿ, ಬೆಕ್ಕು, ದನ ಕುಡಿಯುತ್ತಿದ್ದ ಆ ಕೆರೆಗೆ ಆಮೇಲೆ 'ಶುದ್ಧಿ' ಮಾಡಿದರು. 2022ರ ನವೆಂಬರಿನಲ್ಲಿ, ನಮ್ಮದೇ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರದಲ್ಲಿ, ಮದುವೆಗೆ ಬಂದಿದ್ದ ನಮ್ಮ ಹೆಣ್ಣುಮಗಳೊಬ್ಬಳು ತೊಂಬೆಯ ನೀರು ಕುಡಿದಳೆಂದು ಆ ನೀರನ್ನೆಲ್ಲ ಹೊರಬಿಟ್ಟು ಗೋಮೂತ್ರ ಹಾಕಿ ತೊಳೆದ ಸುದ್ದಿ ದೇಶವೆಲ್ಲ ಓದಿತು. ನಡುವೆ 95 ವರ್ಷ. ಅದೇ ತೊಂಬೆಯ ಕೆಳಗೆ ನಿಂತ ನೀರನ್ನು ನಾಯಿ ನೆಕ್ಕಿದ್ದರೆ ಯಾರೂ ತೊಳೆಯುತ್ತಿರಲಿಲ್ಲ. ಆದ್ದರಿಂದ "ಎಲ್ಲ ಮನಸ್ಸಿನಲ್ಲಿದೆ, ಧ್ಯಾನ ಮಾಡಿ ಸುಮ್ಮನಿರಿ" ಎಂದು ಯಾರಾದರೂ ಈ ಸುತ್ತವನ್ನು ನಮಗೆ ಬೋಧಿಸಿದರೆ ಒಪ್ಪಬೇಡಿ. ಹೊರಗಿನ ಗೂಟ ಕೀಳಲು ಸಂವಿಧಾನವಿದೆ, ಕಾನೂನಿದೆ, ಸಂಘಟನೆಯಿದೆ. ಆ ಕೆಲಸ ನಿಲ್ಲಬಾರದು.

ಆದರೆ ಇವತ್ತು ನಾನು ಹೇಳಬೇಕಾದದ್ದು ಇನ್ನೊಂದು ಗೂಟದ ವಿಷಯ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ನನ್ನ ಮಗಳು ಮೈಸೂರಿನಲ್ಲಿ ನರ್ಸ್. ಜೊತೆಯಲ್ಲಿ ಕೆಲಸ ಮಾಡುವ ಹುಡುಗನನ್ನು ಮದುವೆಯಾಗಬೇಕೆಂದಿದ್ದೇನೆ ಅಂದಳು. ಅವರ ಮನೆಯಲ್ಲೂ ನಮ್ಮಂತೆಯೇ ದೀಕ್ಷೆ ಪಡೆದಿದ್ದಾರೆ, ಗೋಡೆಯ ಮೇಲೆ ಬುದ್ಧರು, ಬಾಬಾಸಾಹೇಬರು ಇದ್ದಾರೆ. ಎಲ್ಲ ಕೇಳಿಕೊಂಡೆ. ಆಮೇಲೆ, ಹೆಂಡತಿ ಕಾಫಿ ತರಲು ಒಳಗೆ ಹೋದಾಗ, ದನಿ ತಗ್ಗಿಸಿ ಕೇಳಿದೆ:

"ಅವರು ಯಾವ ಕಡೆಯೋರವ್ವ? ನಮ್ಮ ಕಡೆಯೋರ, ಆ ಕಡೆಯೋರ?"

ಬಲಗೈಯೋ ಎಡಗೈಯೋ ಎಂದು ಕೇಳಿದ್ದು. ನಿಮಗೆಲ್ಲ ಗೊತ್ತಿದೆ. ಬಾಯಿಬಿಟ್ಟು ಹೇಳದಿದ್ದರೂ ನಮ್ಮ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಈ ಪ್ರಶ್ನೆ ಇನ್ನೂ ಕುಳಿತಿದೆ. ಮಗಳು "ಆ ಕಡೆಯೋರು" ಅಂದಳು. ನಾನು ಮಾತಾಡಲಿಲ್ಲ. "ನೋಡವ, ಅಜ್ಜಿ ಏನಂತಾರೋ" ಅಂದೆ. ಅಜ್ಜಿಯ ಹೆಸರಿನ ಹಿಂದೆ ಬಚ್ಚಿಟ್ಟುಕೊಂಡವನು ನಾನು.

ಅವಳು ಸಿಟ್ಟಾಗಲಿಲ್ಲ. ಟೋಬಿಯ ತಲೆ ಸವರುತ್ತ ಹೇಳಿದಳು: "ಅಪ್ಪ, ಇದು ಯಾವ ಜಾತಿ ಅಂತ ಕೇಳಿದ್ರು ಅಂದು ವಾರವೆಲ್ಲ ಕೊರಗ್ದೆ. ಈಗ ನೀನೇ ಕೇಳ್ತಿದ್ದೀಯ."

ಆ ರಾತ್ರಿ ನಿದ್ದೆ ಬರಲಿಲ್ಲ. ದೀಕ್ಷೆ ಪಡೆದು ಹದಿನಾರು ವರ್ಷವಾಯಿತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳನ್ನು ನಾನೂ ಕೈಮುಗಿದು ಹೇಳಿದ್ದೇನೆ. ಒಂಬತ್ತನೆಯದರಲ್ಲಿ ಮನುಷ್ಯರೆಲ್ಲ ಸಮಾನರು ಎಂದು ನಂಬುತ್ತೇನೆ ಅಂದೆ. ಇಪ್ಪತ್ತೊಂದನೆಯದರಲ್ಲಿ ಇದು ನನಗೆ ಹೊಸ ಹುಟ್ಟು ಅಂದೆ. ಆವತ್ತು ಸರಪಣಿ ಬಿಚ್ಚಿದ್ದು ನಿಜ. ಆದರೆ ಅಷ್ಟಗಲ ಬಯಲಿನಲ್ಲಿ ನಾನು ಸುತ್ತುತ್ತಿದ್ದದ್ದು ಅದೇ ಐದಾರು ಅಡಿಯಲ್ಲಿ. ಮೇಲಿನವರು ಕೇಳಿದಾಗ ಜಾತಿ ಮುಚ್ಚಿಡುವುದು, ಪಕ್ಕದವರು ಬಂದಾಗ ಜಾತಿ ಕೇಳುವುದು. ನಾಚಿಕೆ ಒಂದು ಅರ್ಧ ಸುತ್ತು, ಗರ್ವ ಇನ್ನೊಂದು ಅರ್ಧ ಸುತ್ತು. ಗೂಟ ಒಂದೇ.

ಏಣಿಯ ಮೆಟ್ಟಿಲಿನಂಥ ಈ ಅಸಮಾನತೆಯಲ್ಲಿ ಪ್ರತಿಯೊಬ್ಬನಿಗೂ ತನ್ನ ಕೆಳಗೆ ಒಬ್ಬನನ್ನು ತೋರಿಸಿ ಸಮಾಧಾನ ಮಾಡಿಟ್ಟಿದ್ದಾರೆ ಎಂದು ಬಾಬಾಸಾಹೇಬರು ಎಚ್ಚರಿಸಿದ್ದರು. ಇದಕ್ಕೆ ನಿಜವಾದ ಮದ್ದು ಅಂತರ್ಜಾತಿ ವಿವಾಹ ಎಂದೂ ಅದೇ 'ಜಾತಿ ವಿನಾಶ'ದಲ್ಲಿ ಹೇಳಿದರು. ಏಪ್ರಿಲ್ 14ರ ವೇದಿಕೆಗಳಲ್ಲಿ ಆ ಮಾತನ್ನು ನಾನೇ ಎಷ್ಟು ಸಲ ಹೇಳಿದ್ದೇನೋ. ನನ್ನ ಮನೆ ಬಾಗಿಲಿಗೆ ಬಂದಾಗ ದನಿ ತಗ್ಗಿಸಿದೆ.

ಈಗ ಟೋಬಿ ಹೇಗೆ ಆ ಸುತ್ತಿನಿಂದ ಹೊರಬಂತು, ಕೇಳಿ.

ಬಯ್ದು ನೋಡಿದೆ, ಆಗಲಿಲ್ಲ. ರಾಗಿಮುದ್ದೆ ತುಂಡು ತೋರಿಸಿ ದೂರಕ್ಕೆ ಕರೆದೆ. ನಾಲ್ಕು ಹೆಜ್ಜೆ ಬಂದು ಮತ್ತೆ ಸುತ್ತಿಗೇ ಹೋಯಿತು. ಒಂದು ಬೆಳಿಗ್ಗೆ, ಮಂಜು ಇನ್ನೂ ಇಳಿದಿರಲಿಲ್ಲ, ಟೀ ಅಂಗಡಿ ಹತ್ತಿರ ಮಲಗುವ ಬೀದಿ ನಾಯಿಯೊಂದು ಮೈದಾನಕ್ಕೆ ಬಂತು. ಕಂದು ಬಣ್ಣದ ಹೆಣ್ಣು ನಾಯಿ, ಒಂದು ಕಿವಿ ಹರಿದಿದೆ. ಟೋಬಿ ಸುತ್ತುವುದನ್ನು ಸ್ವಲ್ಪ ಹೊತ್ತು ನೋಡಿತು. ಆಮೇಲೆ ಸುತ್ತಿನೊಳಕ್ಕೇ ನುಗ್ಗಿ, ಮೈಗೆ ಮೈ ತಾಗಿಸಿ, ಬಾ ಎನ್ನುವಂತೆ ಬಾಗಿ, ನೇರಕ್ಕೆ ಓಡಿತು. ಟೋಬಿ ಹಿಂದೆಯೇ ಓಡಿತು. ಮೈದಾನದ ಆ ತುದಿಯವರೆಗೆ, ಗೋಡೆಯವರೆಗೆ. ಅಲ್ಲಿ ನಿಂತು ಒಮ್ಮೆ ನನ್ನ ಕಡೆ ತಿರುಗಿ ನೋಡಿತು. ಬಂಧುಗಳೇ, ಆ ನೋಟ ನನಗೆ ಮರೆಯುವುದಿಲ್ಲ.

ಆನಂದರು ಒಮ್ಮೆ ಭಗವಾನರಿಗೆ, ಒಳ್ಳೆಯ ಗೆಳೆತನ ಈ ಮಾರ್ಗದ ಅರ್ಧ ಭಾಗವಲ್ಲವೇ ಎಂದು ಕೇಳುತ್ತಾರೆ. ಹಾಗನ್ನಬೇಡ ಆನಂದ, ಅದೇ ಪೂರ್ತಿ ಮಾರ್ಗ ಎಂದು ಭಗವಾನರು ತಿದ್ದುತ್ತಾರೆ. ಕಲ್ಯಾಣಮಿತ್ರ ಎಂದರೆ ಇದೇ. ನಾನು ನನ್ನ ಸುತ್ತನ್ನು ಒಬ್ಬನೇ ಕೂತು ಮುರಿಯಲಾರೆ. ಒಳಕ್ಕೆ ಬಂದು ಮೈ ತಾಗಿಸಿ ಕರೆದುಕೊಂಡು ಹೋಗುವವರು ಬೇಕು. ನನ್ನ ಪಾಲಿಗೆ ಆ ಕಲ್ಯಾಣಮಿತ್ರ ನನ್ನ ಮಗಳು.

ಮರುದಿನ ಶೆಫರ್ಡ್ ನಾಯಿಯ ಯಜಮಾನರು ಸಿಕ್ಕರು. "ಸಾರ್, ಆವತ್ತು ಸುಳ್ಳು ಹೇಳಿದೆ. ಇದು ಮುಧೋಳ ಅಲ್ಲ, ಬೀದಿದು" ಅಂದೆ. ಅವರು ನಕ್ಕು, "ಅದಕ್ಕೇನಂತೆ ಬುಡಿ ಸಾರ್, ಓಡೋದು ನೋಡಿ ಹೆಂಗೆ ಓಡ್ತದೆ" ಅಂದರು. ಇಷ್ಟು ಸುಲಭದ ಮಾತಿಗೆ ನಾನು ಎಷ್ಟು ದಿನ ಹೆದರಿದ್ದೆ.

ಈ ಭಾನುವಾರ ನಾವು ಹುಡುಗನ ಮನೆಗೆ ಹೋಗುತ್ತಿದ್ದೇವೆ. ನಾನು, ನನ್ನ ಹೆಂಡತಿ, ಮತ್ತು ಅಜ್ಜಿ. ಅಜ್ಜಿಗೆ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ: "ಹುಡ್ಗ ಕುಡಿಯಕಿಲ್ಲ ತಾನೆ?"

☸️ *ಇಂದಿನ ಅಭ್ಯಾಸ*

1. ಇಂದು ಯಾರನ್ನಾದರೂ ಹೊಸದಾಗಿ ಕಂಡಾಗ "ಇವರು ಯಾವ ಕಡೆಯವರು" ಎಂಬ ಪ್ರಶ್ನೆ ಮನಸ್ಸಿನಲ್ಲಿ ಎದ್ದರೆ, ಎದ್ದಿತು ಎಂದು ಗಮನಿಸಿ. ಬಾಯಿಗೆ ಬರುವ ಮೊದಲೇ ಅದನ್ನು ಹಿಡಿಯುವುದು ಸತಿ.

2. ನಾಚಿಕೆಯಿಂದ ಹೇಳಿದ ಒಂದು ಹಳೆಯ ಸುಳ್ಳು ನೆನಪಾದರೆ, ಸಾಧ್ಯವಿದ್ದಲ್ಲಿ ಇಂದು ಸರಿಪಡಿಸಿ.

3. ನಮ್ಮದೇ ಕೇರಿಯ ಪಕ್ಕದ ಕೇರಿಯಲ್ಲಿ, ನಾವು ಇದುವರೆಗೆ ಕೂತು ಉಣ್ಣದ ಒಂದು ಮನೆ ಇದ್ದರೆ, ಈ ವಾರ ಅಲ್ಲಿಗೆ ಹೋಗಿ ಒಂದು ಲೋಟ ನೀರು ಕೇಳಿ ಕುಡಿಯಿರಿ.

ಎಲ್ಲ ಜೀವಿಗಳೂ ಸುಖವಾಗಿರಲಿ, ಕಟ್ಟಿಹಾಕಿದವೆಲ್ಲ ಬಿಡುಗಡೆಯಾಗಲಿ.

ಭವತು ಸಬ್ಬ ಮಂಗಲಂ 🙏
ಸಾಧು, ಸಾಧು, ಸಾಧು
ಜೈ ಭೀಮ್ 💙