ಸಭೆಗೆ ಸೇರದವರಿಗೆ ಮಾಡಿದ ಸೇವೆಯು ವ್ಯರ್ಥವೋ?



ಶಿವಪುರದ ವಿಶ್ವಾಸಿಯೊಬ್ಬರು ಈಚೆಗೆ ನಮ್ಮನ್ನು ಕೇಳಿದರು: “ಉಪದೇಶಿಗಳೇ, ನೆರೆಮನೆಯವರು ರೋಗದಲ್ಲಿ ಬಿದ್ದಾಗ ಹತ್ತು ದಿನ ಗಂಜಿ ಕಾಸಿಕೊಟ್ಟೆವು. ಅವರು ಒಂದು ಆದಿತ್ಯವಾರವಾದರೂ ಆರಾಧನೆಗೆ ಬರಲಿಲ್ಲ. ನಮ್ಮ ಪ್ರಯಾಸವು ವ್ಯರ್ಥವಾಯಿತಲ್ಲವೇ?” ಈ ಪ್ರಶ್ನೆಯು ಅಲ್ಪವಾದದ್ದಲ್ಲ. ನಾವೂ ಅನೇಕ ಸಾರಿ ಮನಸ್ಸಿನಲ್ಲಿ ಇದೇ ಲೆಕ್ಕವನ್ನು ಹಾಕಿದ್ದೇವೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ.

ಬೆಂಗಳೂರು ಪಟ್ಟಣದಲ್ಲಿ ಐವತ್ತು ವರುಷ ಸೇವೆಮಾಡಿದ ಬೆಂಜಮಿನ್ ರೈಸ್ ಅಯ್ಯನವರ ಜೀವಮಾನವನ್ನು ಇಲ್ಲಿ ಆಲೋಚಿಸೋಣ. ಲಂಡನ್ ಮಿಶನ್ನಿನವರಾದ ಇವರು 1837ರಲ್ಲಿ ಬೆಂಗಳೂರಿಗೆ ಬಂದು 1887ರಲ್ಲಿ ಅಲ್ಲಿಯೇ ಕರ್ತನಲ್ಲಿ ನಿದ್ರೆಹೋದರು. ಅವರು ಕನ್ನಡವನ್ನು ಕಲಿತು ಸುವಾರ್ತೆಯನ್ನು ಸಾರಿದರು. ಪಾಠಶಾಲೆಗಳಿಗೆ ಪುಸ್ತಕಗಳನ್ನು ಬರೆದರು. ಕನ್ನಡ ಸತ್ಯವೇದದ ಭಾಷಾಂತರವನ್ನು ತಿದ್ದುವ ಕೆಲಸದಲ್ಲಿ ಶ್ರಮಿಸಿದರು. ಹೆಣ್ಣುಮಕ್ಕಳಿಗೆ ಓದು ಯಾತಕ್ಕೆಂದು ಜನರು ಕೇಳುತ್ತಿದ್ದ ಕಾಲದಲ್ಲಿ ಅವರ ಪತ್ನಿಯವರು ಹೆಣ್ಣುಮಕ್ಕಳಿಗೆ ಕನ್ನಡ ಶಾಲೆ ನಡಿಸಿದರು. ಹಿಂದೆ ದೊಡ್ಡಪೇಟೆಯೆನಿಸಿದ್ದ ಅವೆನ್ಯೂ ರಸ್ತೆಯಲ್ಲಿರುವ ದೇವಾಲಯವು ಇಂದಿಗೂ ರೈಸ್ ಅಯ್ಯನವರ ಹೆಸರನ್ನು ಹೊತ್ತಿದೆ.

ಆದರೆ ಆ ಕಾಲದ ಮಿಶನ್ ಶಾಲೆಗಳಲ್ಲಿ ಓದಿದ ಮಕ್ಕಳಲ್ಲಿ ಬಹುಮಂದಿ ತಮ್ಮ ಹಿರಿಯರ ಮತದಲ್ಲೇ ಉಳಿದರು. ದೀಕ್ಷಾಸ್ನಾನ ಹೊಂದಿದವರನ್ನು ಮಾತ್ರ ಎಣಿಸುವುದಾದರೆ ಬೆಳೆಯು ಅಲ್ಪವೆನ್ನಬೇಕಾದೀತು. ಹಾಗೆಂದು ಕಲಿತ ಅಕ್ಷರವು ಸುಳ್ಳಾಯಿತೋ? ಅಯ್ಯನವರ ಮಗನಾಗಿ ಬೆಂಗಳೂರಲ್ಲೇ ಹುಟ್ಟಿದ ಲೂಯಿಸ್ ರೈಸರು ಈ ನಾಡಿನ ಶಾಸನಗಳನ್ನು ಸಂಗ್ರಹಿಸಿ ಅಚ್ಚುಹಾಕಿಸಿದರು. ನಮ್ಮ ಮಂಡ್ಯ, ಮಳವಳ್ಳಿ ಸೀಮೆಯ ಕಲ್ಲುಗಳ ಬರಹವೂ ಅವುಗಳಲ್ಲಿ ಸೇರಿದೆ. ಅದರ ಪ್ರಯೋಜನವು ಎಲ್ಲಾ ಮತದವರಿಗೂ ದೊರಕಿತು.

ಹಾಗಾದರೆ ಸಾರದೆ ಸುಮ್ಮನಿರಬೇಕೋ? ಹಾಗಲ್ಲ. ಅಯ್ಯನವರು ಸಾರಿದರು, ಕಲಿಸಿದರು, ಎರಡನ್ನೂ ಮಾಡಿದರು. ಆದರೆ ಉಪಕಾರವನ್ನು ಗಾಳದ ಎರೆಯನ್ನಾಗಿ ಮಾಡುವವನು ನೆರೆಯವನನ್ನಲ್ಲ, ತನ್ನ ಲೆಕ್ಕವನ್ನೇ ಪ್ರೀತಿಸುತ್ತಾನೆ. ರೋಗಿಯು ಇದನ್ನು ಬೇಗ ತಿಳಿದುಕೊಳ್ಳುತ್ತಾನೆ. ಆಗ ಗಂಜಿಯೂ ಕಹಿಯಾಗುವುದು, ಸುವಾರ್ತೆಯೂ ಅನುಮಾನಕ್ಕೆ ಗುರಿಯಾಗುವುದು.

ವಿಶ್ವೇಶ್ವರಯ್ಯ ನಾಲೆಯ ನೀರು ನಮ್ಮ ಸೀಮೆಯ ಗದ್ದೆಗಳಿಗೆ ಹರಿಯುವಾಗ ಒಡೆಯನ ಮತವನ್ನು ವಿಚಾರಿಸುವುದಿಲ್ಲ. ನಮ್ಮ ಪರಲೋಕದ ತಂದೆಯ ಮಳೆಯೂ ಹಾಗೆಯೇ. ಆದಕಾರಣ, ಪ್ರಿಯರೇ, ಹೃದಯವನ್ನು ತಿರುಗಿಸುವ ಕೆಲಸವು ದೇವರದು. ಗಂಜಿ ಕಾಸುವ ಕೆಲಸವು ನಮ್ಮದು. ನೆರೆಮನೆಯವರು ಪುನಃ ರೋಗದಲ್ಲಿ ಬಿದ್ದರೆ ಪುನಃ ಒಲೆ ಹೊತ್ತಿಸಿರಿ.