ಬಿಲ್ವದ ಹಣ್ಣು ಬಿದ್ದ ಸಪ್ಪಳ



ಇಂದಿನ ಚಿಂತನೆ ಭಯದ ಬಗ್ಗೆ. ಸ್ವಲ್ಪ ಉದ್ದ ಆಗಿದೆ, ಪುರಸೊತ್ತಿದ್ದಾಗ ಓದಿರಿ.

ಕಳೆದ ಭಾನುವಾರ ವಂದನೆ ಮುಗಿದು ಎಲ್ಲರೂ ಚಾಪೆ ಸುತ್ತುತ್ತಿದ್ದಾಗ ನಮ್ಮ ಬಳಗದ ತಾಯಿಯೊಬ್ಬಳು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡಳು. ಮಗಳು ಡಿಪ್ಲೊಮಾ ಮುಗಿಸಿದ್ದಾಳೆ, ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಕೆಲಸ ಸಿಕ್ಕಿದೆ, ಮುಂದಿನ ವಾರ ಹೋಗಬೇಕು. ತಾಯಿಗೆ ನಿದ್ದೆ ಇಲ್ಲ. "ಅಲ್ಲಿ ಬಾಂಬ್ ಹಾರ್ತಾವಂತ ಅಲ್ರೀ ಅಕ್ಕೋರ? ಇಡ್ಲಿ ತಿನ್ನಾಕ ಹೋದವರ ಪಕ್ಕ ಚೀಲ ಇಟ್ಟು ಹೋದ್ರಂತ. ಹೆಣ್ಣುಹುಡುಗಿ, ಒಬ್ಬಾಕೀನ ಹೆಂಗ ಕಳಸೂದ್ರಿ? ಇಲ್ಲೇ ಊರಾಗ ಇದ್ರ ಕಣ್ಣಮುಂದರೆ ಇರ್ತಾಳ" ಅಂದಳು. ನಾನು ಏನೋ ಒಂದು ಸಮಾಧಾನದ ಮಾತು ಹೇಳಿ ಬಂದೆ. ಮನೆಗೆ ಬಂದ ಮೇಲೆ ಆ ಮಾತು ನನಗೇ ಹಿಡಿಸಲಿಲ್ಲ. ಯಾಕೆಂದರೆ ಈ ವಿಷಯದಲ್ಲಿ ನನ್ನ ಕೈ ಶುದ್ಧ ಇಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ.

2024ರ ಮಾರ್ಚ್ 1, ಶುಕ್ರವಾರ. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಬೆಂಗಳೂರಿನ ಕುಂದಲಹಳ್ಳಿಯ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿಯಿತು. ಊಟದ ಹೊತ್ತು, ತುಂಬಿದ ಹೋಟೆಲು. ಸುಮಾರು ಹತ್ತು ಮಂದಿಗೆ ಗಾಯವಾಯಿತು, ಯಾರ ಜೀವವೂ ಹೋಗಲಿಲ್ಲ. ನಾನು ಶಾಲೆ ಬಿಟ್ಟು ಬಂದು ಮೊಬೈಲ್ ತೆಗೆದರೆ ಅದೇ ಸುದ್ದಿ. ರಾತ್ರಿ ಎಂಟರ ಹೊತ್ತಿಗೆ ಒಂದು ಸಂದೇಶ ಬಂತು: ನಾಳೆ ಬೆಂಗಳೂರಿನ ಇಂತಿಂಥ ಬಸ್ ನಿಲ್ದಾಣ, ಇಂತಿಂಥ ಮಾರುಕಟ್ಟೆಗಳಲ್ಲಿ ಸರಣಿ ಸ್ಫೋಟ, ಪೊಲೀಸ್ ಇಲಾಖೆಯ ಎಚ್ಚರಿಕೆ, ಎಲ್ಲರಿಗೂ ಕಳಿಸಿರಿ. ಯಾರು ಬರೆದದ್ದು, ಎಲ್ಲಿಂದ ಬಂದದ್ದು ಅಂತ ನಾನು ನೋಡಲಿಲ್ಲ. ಮೂರು ಗ್ರೂಪಿಗೆ ಕಳಿಸಿದೆ. ಅದರಲ್ಲಿ ಇದೂ ಒಂದು. ಕಳಿಸಿ, ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡು ರೊಟ್ಟಿ ಬಡಿಯಲು ಎದ್ದೆ.

ನಮ್ಮ ಓಣಿಯ ಒಂದು ಹುಡುಗಿ ಆಗ ಬೆಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಅವಳ ಅಪ್ಪ ನನ್ನ ಸಂದೇಶ ಓದಿ ಅದೇ ರಾತ್ರಿ ಫೋನ್ ಮಾಡಿ "ಇದ್ದಂಗ ಎದ್ದು ಬಾ" ಅಂದ. ಅವಳಿಗೆ ಸೋಮವಾರ ಪ್ರಾಯೋಗಿಕ ಪರೀಕ್ಷೆ ಇತ್ತು. ಬಡಕೊಂಡಳಂತೆ, ಇಲ್ಲಿ ಏನೂ ಆಗಿಲ್ಲ ಅಂತ. ಅಪ್ಪ ಕೇಳಲಿಲ್ಲ. "ಅಕ್ಕೋರು ಕಳಿಸ್ಯಾರ ಅಂದ್ರ ಖರೇನ ಇರ್ತೈತಿ" ಅಂದನಂತೆ. ಹುಡುಗಿ ಬಂದಳು. ಮರುದಿನ ಯಾವ ಸರಣಿ ಸ್ಫೋಟವೂ ಆಗಲಿಲ್ಲ. ಪರೀಕ್ಷೆ ಹೋಯಿತು, ಆರು ತಿಂಗಳು ತಡವಾಗಿ ಮತ್ತೆ ಬರೆದಳು. ಒಂದು ವಿದ್ಯಾರ್ಥಿವೇತನ ನಿಂತುಹೋಯಿತು.

ಬಂಧುಗಳೆ, ನಾವು ದಿನಾ ಪಂಚಶೀಲ ಹೇಳುತ್ತೇವೆ. ನಾಲ್ಕನೆಯದು ಸುಳ್ಳಾಡುವುದಿಲ್ಲ ಅಂತ. ನಾನು ಬಾಯಿಂದ ಸುಳ್ಳಾಡಿರಲಿಲ್ಲ, ಬೆರಳಿನಿಂದ ದಾಟಿಸಿದ್ದೆ. ಬಾಯಿ ಬೇರೆ, ಬೆರಳು ಬೇರೆ ಅಂತ ಆ ಹುಡುಗಿಯ ಮುಂದೆ ನಿಂತು ಹೇಳಲು ನನಗೆ ಆಗಲಿಲ್ಲ.

ಜಾತಕ ಕಥೆಗಳಲ್ಲಿ ದುದ್ದುಭ ಜಾತಕ ಅಂತ ಒಂದಿದೆ. (ಜಾತಕಗಳನ್ನು ನಾವು ಪುನರ್ಜನ್ಮದ ಪುರಾವೆ ಅಂತ ಓದುವವರಲ್ಲ. ಜನ ಹೇಗೆ ಬದುಕುತ್ತಾರೆ, ಹೇಗೆ ಮೋಸ ಹೋಗುತ್ತಾರೆ ಅಂತ ತಿಳಿಯಲು ಓದುತ್ತೇವೆ.) ಒಂದು ಮೊಲ ಬಿಲ್ವದ ಮರದ ಬುಡದಲ್ಲಿ, ಎಳೆಯ ತಾಳೆ ಗಿಡದ ಕೆಳಗೆ ಮಲಗಿತ್ತು. ಭೂಮಿ ಕುಸಿದರೆ ನಾನು ಎಲ್ಲಿಗೆ ಹೋಗಲಿ ಅಂತ ಯೋಚನೆ ಮಾಡುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ ಮಾಗಿದ ಬಿಲ್ವದ ಹಣ್ಣೊಂದು ತಾಳೆಗರಿಯ ಮೇಲೆ ದಪ್ಪನೆ ಬಿತ್ತು. ಮೊಲ ತಿರುಗಿ ನೋಡದೆ ಓಡಿತು. ಅದನ್ನು ನೋಡಿ ಇನ್ನೊಂದು ಮೊಲ, ಅದರ ಹಿಂದೆ ಸಾವಿರಾರು ಮೊಲ, ಜಿಂಕೆ, ಹಂದಿ, ಕಾಡುಕೋಣ, ಹುಲಿ, ಆನೆ. ಓಡುತ್ತಿದ್ದ ಯಾವ ಪ್ರಾಣಿಯೂ ಭೂಮಿ ಕುಸಿದದ್ದನ್ನು ನೋಡಿರಲಿಲ್ಲ. ಮುಂದೆ ಸಮುದ್ರ ಇತ್ತು. ಆಗ ಒಂದು ಸಿಂಹ ಅಡ್ಡ ನಿಂತು ಎಲ್ಲರನ್ನೂ ನಿಲ್ಲಿಸಿತು. ಯಾರು ನೋಡಿದಿರಿ ಅಂತ ಒಬ್ಬೊಬ್ಬರನ್ನೇ ಕೇಳಿತು. ಆನೆ ಬೇರೆಯವರ ಕಡೆ ತೋರಿಸಿತು, ಅವರು ಮತ್ತೊಬ್ಬರ ಕಡೆ. ಹಾಗೆ ಕೇಳುತ್ತ ಕೇಳುತ್ತ ಕೊನೆಗೆ ಆ ಒಂದು ಮೊಲ ಸಿಕ್ಕಿತು. ಸಿಂಹ ಅದನ್ನು ಬಯ್ಯಲಿಲ್ಲ. ಬೆನ್ನ ಮೇಲೆ ಕೂರಿಸಿಕೊಂಡು ಆ ಮರದ ಹತ್ತಿರ ಹೋಗಿ, ಬಿದ್ದ ಹಣ್ಣನ್ನು ನೋಡಿ ಬಂತು.

ಈ ಕಥೆ ನಮ್ಮ ರಾಜ್ಯದಲ್ಲೇ ನಡೆದಿದೆ. 2012ರ ಆಗಸ್ಟ್. ಅಸ್ಸಾಮಿನಲ್ಲಿ ಗಲಭೆಯಾಗಿತ್ತು, ಅದು ನಿಜ. ಆದರೆ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಈಶಾನ್ಯ ರಾಜ್ಯಗಳ ಹುಡುಗರು, ಹುಡುಗಿಯರ ಮೊಬೈಲಿಗೆ ರಂಜಾನ್ ಮುಗಿದ ಮೇಲೆ ನಿಮ್ಮ ಮೇಲೆ ದಾಳಿ ಅಂತ ಎಸ್ಸೆಮ್ಮೆಸ್ ಬಂದವು. ಸ್ವಾತಂತ್ರ್ಯ ದಿನದ ಆಚೀಚೆ ಸಾವಿರಾರು ಜನ ಗಂಟು ಕಟ್ಟಿಕೊಂಡು ರೈಲು ನಿಲ್ದಾಣಕ್ಕೆ ಬಂದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಆಗಿನ ಗೃಹ ಸಚಿವ ಆರ್. ಅಶೋಕ್ ಅವರೇ ನಿಲ್ದಾಣಕ್ಕೆ ಹೋಗಿ ಹೋಗಬೇಡಿ ಅಂತ ಕೇಳಿಕೊಂಡರು. ಒಬ್ಬರು ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸಬಾರದು ಅಂತ ಕೇಂದ್ರ ಸರ್ಕಾರ ಹದಿನೈದು ದಿನ ನಿರ್ಬಂಧ ಹಾಕಿತು. ಸಂದೇಶದಲ್ಲಿ ಹೇಳಿದ ದಾಳಿ ನಡೆಯಲಿಲ್ಲ. ಕೆಲಸ ಬಿಟ್ಟು ಹೋದವರ ಸಂಬಳ ಮಾತ್ರ ನಿಜವಾಗಿ ಹೋಯಿತು. ಹಾಗೆಯೇ 2023ರ ಡಿಸೆಂಬರ್ 1ರಂದು ಬೆಂಗಳೂರಿನ ನಲವತ್ತಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಇಟ್ಟಿದ್ದೇವೆ ಅಂತ ಇ-ಮೇಲ್ ಬಂತು. ಎಲ್ಲ ಹುಸಿ. ಮಕ್ಕಳನ್ನು ಕರೆದೊಯ್ಯಲು ಓಡಿಬಂದ ತಂದೆತಾಯಿಗಳ ಮುಖ ಟಿವಿಯಲ್ಲಿ ನೋಡಿ, ಶಿಕ್ಷಕಿಯಾಗಿ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು.

ಆದರೆ ನಿಲ್ಲಿರಿ. ಎಲ್ಲ ಸಪ್ಪಳವೂ ಹಣ್ಣು ಬಿದ್ದದ್ದೇ ಅಂತ ಹೇಳಿದರೆ ಅದೂ ಸುಳ್ಳೇ. 2008ರ ಜುಲೈ 25ರಂದು ಬೆಂಗಳೂರಿನಲ್ಲಿ ಸರಣಿ ಸ್ಫೋಟವಾದಾಗ ಮಡಿವಾಳದಲ್ಲಿ ಬಸ್ಸಿಗೆ ಕಾಯುತ್ತಿದ್ದ ಹೆಣ್ಣುಮಗಳು ಸತ್ತಳು. 2014ರ ಡಿಸೆಂಬರ್ 28ರಂದು ಚರ್ಚ್ ಸ್ಟ್ರೀಟಿನ ಫುಟ್‌ಪಾತಿನಲ್ಲಿ ಹೋಗುತ್ತಿದ್ದ ಇನ್ನೊಬ್ಬಳು ಸತ್ತಳು. ನಮ್ಮ ಹುಬ್ಬಳ್ಳಿಯೇನು ದೂರವೇ? 2008ರ ಮೇ 10ರಂದು ಅಲ್ಲಿನ ಕೋರ್ಟಿನಲ್ಲಿ ಬಾಂಬ್ ಸಿಡಿಯಿತು. ಎರಡನೆಯ ಶನಿವಾರ ಆಗಿದ್ದಕ್ಕೆ ಕೋಣೆ ಖಾಲಿ ಇತ್ತು. 2019ರ ಅಕ್ಟೋಬರಿನಲ್ಲಿ ಹುಬ್ಬಳ್ಳಿ ರೈಲು ನಿಲ್ದಾಣದಲ್ಲೇ ಒಂದು ಪೊಟ್ಟಣ ಸಿಡಿದು ಒಬ್ಬನ ಕೈಗೆ ಗಾಯವಾಯಿತು. ಆ ತಾಯಿಯ ಭಯಕ್ಕೆ ಕಾರಣ ಇದೆ. ಹೆದರಬೇಡ ಅಂತ ಅವಳಿಗೆ ಹೇಳಲು ನಾನು ಯಾರು?

ಭಗವಾನರು ಕೂಡ ನನಗೆ ಭಯವೇ ಬಂದಿಲ್ಲ ಅಂತ ಹೇಳಿಲ್ಲ. ಮಜ್ಝಿಮ ನಿಕಾಯದ ನಾಲ್ಕನೆಯದು ಭಯಭೇರವ ಸುತ್ತ. ಅದರಲ್ಲಿ ಜಾಣುಸ್ಸೋಣಿ ಎಂಬ ಬ್ರಾಹ್ಮಣನಿಗೆ ಅವರು ತಮ್ಮ ಅನುಭವ ಹೇಳುತ್ತಾರೆ. ಬೋಧಿ ಪಡೆಯುವ ಮೊದಲು, ಹುಣ್ಣಿಮೆ, ಅಮಾವಾಸ್ಯೆ, ಅಷ್ಟಮಿಯ ರಾತ್ರಿಗಳಲ್ಲಿ ಬೇಕೆಂದೇ ಜನ ಹೆದರುವ ಕಾಡಿನ ಗುಡಿಗಳಿಗೆ ಹೋಗಿ ಇರುತ್ತಿದ್ದರು. ಒಂದು ಜಿಂಕೆ ಬರುತ್ತಿತ್ತು, ನವಿಲು ಒಂದು ಕಡ್ಡಿ ಮುರಿಯುತ್ತಿತ್ತು, ಗಾಳಿಗೆ ತರಗೆಲೆ ಸರಿಯುತ್ತಿತ್ತು. ಬಂತು, ಭಯ ಬಂತು ಅಂತ ಅವರಿಗೂ ಅನ್ನಿಸುತ್ತಿತ್ತು. ಆಗ ಒಂದು ನಿರ್ಧಾರ ಮಾಡಿದರು. ನಡೆಯುವಾಗ ಭಯ ಬಂದರೆ ನಡೆಯುತ್ತಲೇ ಅದನ್ನು ಕಳೆಯಬೇಕು. ಕುಳಿತಾಗ ಬಂದರೆ ಕುಳಿತೇ ಕಳೆಯಬೇಕು. ಭಯ ಬಂತು ಅಂತ ನಿಂತವನು ಓಡಬಾರದು, ನಡೆಯುವವನು ಅಡಗಿ ಕೂರಬಾರದು. ನನಗೆ ಈ ಸುತ್ತದಲ್ಲಿ ಇಷ್ಟವಾಗುವುದು ಇದೇ. ಭಯವನ್ನು ಅವರು ಬೇಡ ಅನ್ನಲಿಲ್ಲ, ತಮ್ಮ ದಾರಿ ಬದಲಿಸುವ ಅಧಿಕಾರವನ್ನು ಮಾತ್ರ ಅದಕ್ಕೆ ಕೊಡಲಿಲ್ಲ.

ಭಯಕ್ಕೆ ಆ ಅಧಿಕಾರ ಕೊಟ್ಟರೆ ಅದು ನಮ್ಮ ದಾರಿ ಒಂದನ್ನೇ ಬದಲಿಸುವುದಿಲ್ಲ, ಪಕ್ಕದವರ ಕಡೆ ನೋಡುವ ನಮ್ಮ ಕಣ್ಣನ್ನೂ ಬದಲಿಸುತ್ತದೆ. ಹಿಂದೆ ನಾನು ನವಲಗುಂದದಲ್ಲಿ ಇದ್ದಾಗ ಓದಿಸಿದ ಒಬ್ಬ ಮುಸ್ಲಿಂ ಹುಡುಗನಿದ್ದಾನೆ. ಅವನ ತಾಯಿ ಜಮಖಾನ ನೇಯುತ್ತಾಳೆ. ಜಿಐ ಮಾನ್ಯತೆ ಪಡೆದ ನವಲಗುಂದದ ಆ ಜಮಖಾನ ನಿಮಗೆಲ್ಲ ಗೊತ್ತೇ ಇದೆ. ಆ ಮಾರ್ಚ್ ತಿಂಗಳಲ್ಲಿ ಜಮಖಾನದ ಗಂಟು ಹೊತ್ತು ಬೆಂಗಳೂರಿಗೆ ಮಾರಲು ಹೊರಟಿದ್ದ. ಹುಬ್ಬಳ್ಳಿ ನಿಲ್ದಾಣದಲ್ಲಿ ಪೊಲೀಸರು ಗಂಟು ಬಿಚ್ಚಿಸಿ ನೋಡಿದರು. "ಅದು ಅವರ ಡ್ಯೂಟಿ ಬಿಡ್ರಿ ಅಕ್ಕೋರ, ನೋಡಬೇಕ" ಅಂದ. ಆಮೇಲೆ ರೈಲಿನಲ್ಲಿ ಪಕ್ಕದವರ ಜತೆ ಚಲೋ ಮಾತುಕತೆ ನಡೆದಿತ್ತಂತೆ, ಶೇಂಗಾ ಹಂಚಿಕೊಂಡು ತಿಂದರಂತೆ. ಮನೆಯಿಂದ ಫೋನ್ ಬಂತು, "ಸಲಾಂ ಅಮ್ಮಿ" ಅಂದ. ಅಷ್ಟೇ. ಪಕ್ಕದವರು ಒಂದು ಸಲ ಗಂಟಿನ ಕಡೆ ನೋಡಿದರು, ಒಂದು ಸಲ ಅವನ ಕಡೆ ನೋಡಿದರು, ಎದ್ದು ಬೇರೆ ಕಡೆ ಹೋಗಿ ಕುಳಿತರು.

ಪಕ್ಕದಲ್ಲಿ ಕುಳಿತವರು ಎದ್ದು ಹೋಗುವುದು ಅಂದರೆ ಏನು ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1917ರಲ್ಲಿ ಬಾಬಾಸಾಹೇಬರು ಬರೋಡಾಕ್ಕೆ ನೌಕರಿಗೆ ಹೋದಾಗ ಎಲ್ಲೂ ಕೋಣೆ ಸಿಗದೆ ಪಾರ್ಸಿ ಛತ್ರದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದಿದ್ದರು. ಗುಟ್ಟು ತಿಳಿದ ದಿನ ಕೋಲು ಹಿಡಿದ ಗುಂಪು ಬಂದು ಸಂಜೆಯೊಳಗೆ ಖಾಲಿ ಮಾಡು ಅಂತು. ಹಿಂದಿನ ದಿನದವರೆಗೆ ಅದೇ ಮನುಷ್ಯ, ಅದೇ ಕೋಣೆ. ಹಾಗಾಗಿ ಬಂಧುಗಳೆ, ಚೀಲ ನೋಡಿರಿ, ಅದು ಎಚ್ಚರ. ಹೆಸರು ಕೇಳಿ ಚೀಲ ನೋಡಬೇಡಿರಿ. ನಮ್ಮವರೂ ಕೆಲವರು ಈ ತಪ್ಪು ಮಾಡುತ್ತಿದ್ದಾರೆ, ಈ ಗ್ರೂಪಿನಲ್ಲೂ ಅಂಥ ಸಂದೇಶ ಬಂದಿವೆ. ಬೇಜಾರಾದರೂ ಪರವಾಗಿಲ್ಲ ಅಂತ ಹೇಳುತ್ತಿದ್ದೇನೆ.

ಇನ್ನು ಊರಾಗ ಇದ್ರ ಕಣ್ಣಮುಂದೆ ಇರ್ತಾಳ ಅನ್ನುವ ಮಾತು. ಯಾವ ಊರು? 2014ರ ಆಗಸ್ಟ್‌ನಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ನಮ್ಮ ಜನರ ಮನೆಗಳಿಗೆ ಬೆಂಕಿ ಇಟ್ಟರಲ್ಲ, ಅವರೂ ತಮ್ಮ ಊರಿನಲ್ಲೇ ಇದ್ದರು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆ ದಿನ ಆ ಕೇರಿಗೆ ಆದ ಭಯವನ್ನು ಯಾವ ಚಾನೆಲ್ಲೂ ಭಯೋತ್ಪಾದನೆ ಅನ್ನಲಿಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಹಾಡಿ ಹೊಗಳುವವರ ಜತೆ ಬಾಬಾಸಾಹೇಬರು ದನಿಗೂಡಿಸಲಿಲ್ಲ, ಯಾಕೆ ಅಂತ ನಮ್ಮ ಅಜ್ಜ ಮುತ್ತಜ್ಜರನ್ನು ಕೇಳಿದರೆ ಸಾಕು. ಊರಿನ ಭಯಕ್ಕೆ ನಮ್ಮ ಹೆಸರು, ನಮ್ಮ ಓಣಿ, ನಾವು ನೀರು ತುಂಬುವ ಹೊತ್ತು ಎಲ್ಲ ಗೊತ್ತು. ಪಟ್ಟಣದ ಭಯಕ್ಕೆ ನಮ್ಮ ಗುರುತಿಲ್ಲ. ಎರಡೂ ಭಯವೇ. ಆದರೆ ಒಂದಕ್ಕೆ ಹೆದರಿ ಮಗಳನ್ನು ಇನ್ನೊಂದರ ಬಾಯಿಗೆ ಮರಳಿ ಕರೆದುಕೊಂಡು ಬಂದರೆ ಅದನ್ನು ಸುರಕ್ಷೆ ಅಂತ ನಾನು ಹೇಗೆ ಅನ್ನಲಿ? ಅವಳ ಕೈಯಲ್ಲಿ ಸಂಬಳ ಇರುವುದು ಕೂಡ ಒಂದು ರಕ್ಷಣೆ.

ಬುಧವಾರ ಸಂಜೆ ಆ ತಾಯಿಯ ಮನೆಗೆ ಹೋಗಿದ್ದೆ. ಧರ್ಮದ ಮಾತು ಕಡಿಮೆ ಆಡಿದೆ, ಕೆಲಸದ ಮಾತೇ ಹೆಚ್ಚು. ಮಗಳ ಫೋನಿನಲ್ಲಿ 112 ಒತ್ತುವುದು ಹೇಗೆ ಅಂತ ಮೂವರೂ ನೋಡಿದೆವು. ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಮೂರಕ್ಕೂ ಅದೊಂದೇ ನಂಬರು. ರೈಲಿನಲ್ಲಿ ತೊಂದರೆಯಾದರೆ 139. ವಾರಸುದಾರರಿಲ್ಲದ ಚೀಲ, ಡಬ್ಬಿ ಕಂಡರೆ ಮುಟ್ಟಬಾರದು, ಒದೆಯಬಾರದು, ತೆರೆದು ನೋಡಬಾರದು. ದೂರ ಸರಿದು, ಸುತ್ತ ಇದ್ದವರನ್ನೂ ಸರಿಸಿ, ಪೊಲೀಸರಿಗೋ ಅಲ್ಲಿನ ಸಿಬ್ಬಂದಿಗೋ ಹೇಳಬೇಕು. ಗದ್ದಲದಲ್ಲಿ ಓಡುವವರ ನಡುವೆ ಸಿಕ್ಕರೆ ಗುಂಪಿನ ಅಂಚಿನ ಕಡೆ ಸರಿಯಬೇಕು, ಬಿದ್ದ ಚಪ್ಪಲಿ ಹೆಕ್ಕಲು ಬಗ್ಗಬಾರದು. ದಿನಾ ರಾತ್ರಿ ರೂಮಿಗೆ ಮುಟ್ಟಿದ ಮೇಲೆ ಮನೆಗೆ ಒಂದು ಮಾತು. ತಾಯಿ ಎಲ್ಲ ಕೇಳಿಸಿಕೊಂಡಳು. "ಮತ್ತ ನನಗ ಅಂಜಿಕಿ ಬಂದಾಗ ಏನ ಮಾಡ್ಲಿ?" ಅಂದಳು. ಅವಳಿಗೆ ಫೋನ್ ಮಾಡು, ಅವಳು ಏನು ಉಂಡಳು ಅಂತ ಕೇಳು, ಬಾಂಬಿನ ಮಾತು ತೆಗೆಯಬೇಡ, ಅಂದೆ. ಅವಳು ನಕ್ಕಳು. ಮಗಳು ಆಗಲೇ ಚೀಲಕ್ಕೆ ಬುತ್ತಿ ರೊಟ್ಟಿ ಎಷ್ಟು ಅಂತ ಲೆಕ್ಕ ಹಾಕುತ್ತಿದ್ದಳು. ಈ ಭಾನುವಾರ ರಾತ್ರಿಯ ರೈಲಿಗೆ ಹೊರಡುತ್ತಾಳೆ, ವಂದನೆಗೆ ಬಂದೇ ಹೋಗುತ್ತಾಳಂತೆ.

ಆ ನರ್ಸಿಂಗ್ ಹುಡುಗಿ ಪಾಸಾಗಿ ಈಗ ಬೆಂಗಳೂರಿನಲ್ಲೇ ಆಸ್ಪತ್ರೆಯೊಂದರಲ್ಲಿ ಇದ್ದಾಳೆ. ಅವಳ ಅಪ್ಪ ಈ ಗ್ರೂಪಿನಲ್ಲಿ ಇದ್ದಾನೆ, ಇದನ್ನೂ ಓದುತ್ತಾನೆ. ನಾನು ತಪ್ಪಾಯಿತು ಅಂದಾಗ ಅವನು ಏನೂ ಅನ್ನಲಿಲ್ಲ. ಆದರೆ ಅಂದಿನಿಂದ ನಾನು ಏನೇ ಕಳಿಸಿದರೂ ಐದು ನಿಮಿಷಕ್ಕೆ ಅವನ ಫೋನ್ ಬರುತ್ತದೆ. "ಅಕ್ಕೋರ, ಇದು ಎಲ್ಲಿಂದ ಬಂತ್ರಿ? ನೀವು ನೋಡೀರೇನು?" ಅಂತ ಕೇಳುತ್ತಾನೆ. ಮೊದಮೊದಲು ಮುಜುಗರ ಆಗುತ್ತಿತ್ತು. ಈಗ ಅವನು ಕೇಳುವ ಮೊದಲೇ ನಾನು ನೋಡಿಟ್ಟುಕೊಂಡಿರುತ್ತೇನೆ.

ನಮೋ ಬುದ್ಧಾಯ. ಜೈಭೀಮ್.