ವಾಯಿದೆ ಮೀರಿದ ಋಣ

ಅಂಗಡಿಯ ಲೆಕ್ಕದಲ್ಲಿ ಯಾರಿಗೋ ಕೊಡಬೇಕಾದ ಹಣ ಬಾಕಿ ಇದೆ ಎನ್ನೋಣ. ಅವರು ಮೂರು ವರ್ಷ ಕೇಳಲಿಲ್ಲ. ದಾವೆ ಹೂಡುವ ವಾಯಿದೆ ಮೀರಿತು. ನಾವು ಲೆಕ್ಕಿಗರು ಆ ಬಾಕಿಯನ್ನು ತೆಗೆದು ಲಾಭಕ್ಕೆ ಬರೆಯುತ್ತೇವೆ. ಸಾಲ ಹೋಯಿತು. ಋಣವೂ ಹೋಯಿತೇ?

ನಾನಿರುವ ಸ್ಟರ್ಲಿಂಗ್‌ನಿಂದ ಸುಮಾರು ಒಂದು ಗಂಟೆಯ ದಾರಿ ವಾಷಿಂಗ್ಟನ್‌ನ ಹಕ್ಕುಸ್ವಾಮ್ಯ ಕಚೇರಿ. ಸೋಲ್ ಸಂಗೀತದ ಮೋಟೌನ್ ಸಂಸ್ಥೆಗೆ ಮೊದಲ ಗೆಲುವು ತಂದ ‘ಮನಿ’ ಹಾಡಿನ 1959ರ ನೋಂದಣಿಯಲ್ಲಿ, ಅದನ್ನು ಹಾಡಿದ ಬ್ಯಾರೆಟ್ ಸ್ಟ್ರಾಂಗ್ ಅವರ ಹೆಸರು ರಚನಕಾರರ ಜೊತೆಗಿತ್ತು. 1962ರಲ್ಲಿ ಅದನ್ನು ತೆಗೆಸಲಾಯಿತು. 1987ರ ನವೀಕರಣದಲ್ಲಿ ಮರಳಿ ಬಂತು; ಮರುವರ್ಷ ಮತ್ತೆ ಗೀಟು ಬಿತ್ತು. ಮೊದಲು ಸೇರಿದ್ದೇ ಗುಮಾಸ್ತರ ತಪ್ಪು ಎಂದರು ಸಂಸ್ಥೆಯ ಕಡೆಯವರು. ಈ ನಡುವೆ ಬೀಟಲ್ಸ್, ರೋಲಿಂಗ್ ಸ್ಟೋನ್ಸ್ ಎಲ್ಲರೂ ಆ ಹಾಡನ್ನು ಹಾಡಿದರು. ಹೆಸರು ಹೋದದ್ದು ಸ್ಟ್ರಾಂಗ್‌ಗೆ ತಿಳಿದದ್ದು 2010ರಲ್ಲಿ. ತಿದ್ದುಪಡಿಯನ್ನು ರಚನಕಾರರಿಗೆ ತಿಳಿಸುವ ಪದ್ಧತಿ ಕಚೇರಿಗಿರಲಿಲ್ಲ. ಪ್ರಶ್ನಿಸಲು ಇದ್ದ ಮೂರು ವರ್ಷ ಎಂದೋ ಕಳೆದಿತ್ತು. 2023ರಲ್ಲಿ ಅವರು ತೀರಿಕೊಂಡರು.

ವಾಯಿದೆ ಬೇಕು; ಇಲ್ಲದಿದ್ದರೆ ಯಾವ ಲೆಕ್ಕವೂ ಮುಗಿಯದು. ಆದರೆ ಅದರ ಹಿಂದೆ ಒಂದು ನಂಬಿಕೆಯಿದೆ: ಗೊತ್ತಿದ್ದೂ ಕೇಳದವನು ಬಿಟ್ಟುಕೊಟ್ಟಿದ್ದಾನೆ. ಗೊತ್ತೇ ಇಲ್ಲದವನ ಮೌನಕ್ಕೆ ಆ ಅರ್ಥ ಹಚ್ಚಲಾಗದು. ಯಾರ ಮಾತು ನಿಜವೆಂದು ಇಲ್ಲಿ ಯಾವ ನ್ಯಾಯಾಲಯವೂ ತೂಗಲಿಲ್ಲ. ಕಾಲವೇ ತೀರ್ಪು ಕೊಟ್ಟಿತು.

ಬಾಕಿಯನ್ನು ಲಾಭಕ್ಕೆ ಬರೆಯುವ ಮುನ್ನ ಆ ಮನುಷ್ಯನಿಗೆ ಒಂದು ಕಾಗದ ಬರೆಯಬಹುದು: ನಿಮ್ಮದು ಇಷ್ಟು ನಮ್ಮಲ್ಲಿದೆ, ಬೇಡವೇ? ಕಾನೂನು ಅದನ್ನು ಕೇಳದಿರಬಹುದು. ಋಣ ಕೇಳುತ್ತದೆ.